ಎಲೆಕ್ಷನ್ ಕೆಲಸದ 83 ದಿನ, ಯುವನಿಧಿಯ ಮೂರು ಕಂತು

2024ರ ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾಯಿತು. 18ಕ್ಕೆ ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ನಾನು ಡಾಟಾ ಎಂಟ್ರಿಗೆ ಕೂತಿದ್ದೆ. ಅದಕ್ಕೆ ಎರಡು ತಿಂಗಳ ಮುಂಚಿನಿಂದ ಯುವನಿಧಿ (ಕೆಲಸ ಸಿಗದ ಪದವೀಧರರಿಗೆ, ಡಿಪ್ಲೊಮಾದವರಿಗೆ ರಾಜ್ಯ ಸರ್ಕಾರ ಕೊಡುವ ಭತ್ಯೆ) ಹಣ ಬರುತ್ತಿತ್ತು, ತಿಂಗಳಿಗೆ ₹3,000. ಕೆಲಸ ಸಿಕ್ಕ ಖುಷಿ ಒಂದು ವಾರವೂ ಉಳಿಯಲಿಲ್ಲ. ‘ಈ ತಿಂಗಳ ಘೋಷಣೆ ಕೊಟ್ಟಿಯೇನೇ?’ ಎಂದು ಗೆಳತಿ ಕೇಳಿದಳು. ಅವಳು ಕೇಳಿದ್ದು, ಕೆಲಸವಿಲ್ಲ ಎಂದು ಯುವನಿಧಿಗೆ ಪ್ರತಿ ತಿಂಗಳು ಕೊಡಬೇಕಿದ್ದ ಘೋಷಣೆ. ಅಲ್ಲಿಂದ ತಲೆಬಿಸಿ ಶುರು. ಅದು ಮುಗಿದದ್ದು ಸೆಪ್ಟೆಂಬರ್ ಮೊದಲ ವಾರದಲ್ಲಿ. ಕೆಲಸ ಮಾಡುತ್ತ ಯುವನಿಧಿ ತಗೊಳ್ಳಬಹುದೇ ಎಂದು ಈ ನಡುವೆ ಯಾರನ್ನು ಕೇಳಿದರೂ ಉತ್ತರ ಒಂದೇ: ‘ಏನಾಗಲ್ಲ ತಗೋ, ತಾತ್ಕಾಲಿಕ ಕೆಲಸ ಅಲ್ಲೇನು?’ ಆ ಮಾತು ಅರ್ಧ ನಿಜ. ಯಾವ ಅರ್ಧ ಎನ್ನುವುದು ನೀವು ಯಾವ ಎಲೆಕ್ಷನ್ ಕೆಲಸಕ್ಕೆ ಹೋಗುತ್ತೀರಿ ಎಂಬುದರ ಮೇಲೆ ನಿಂತಿದೆ.

ಮೊದಲು ಯುವನಿಧಿಯ ಕರಾರು ನೆನಪಿಟ್ಟುಕೊಳ್ಳಿ. ನೋಂದಣಿ ತೆರೆದದ್ದು 2023ರ ಡಿಸೆಂಬರ್ 26ಕ್ಕೆ, ಮೊದಲ ಕಂತು ಬಿಡುಗಡೆಯಾದದ್ದು 2024ರ ಜನವರಿ 12ಕ್ಕೆ, ಶಿವಮೊಗ್ಗದಲ್ಲಿ. 2022-23ರಲ್ಲಿ ಪಾಸಾಗಿ 180 ದಿನ ಕೆಲಸ ಸಿಗದೆ ಉಳಿದವರಿಗೆ ಮೊದಲು ಕೊಟ್ಟರು. ಪದವಿಯವರಿಗೆ ₹3,000, ಡಿಪ್ಲೊಮಾದವರಿಗೆ ₹1,500. ಹೆಚ್ಚೆಂದರೆ ಎರಡು ವರ್ಷ, ಅಥವಾ ಕೆಲಸ ಸಿಗುವತನಕ. ಸರ್ಕಾರಿ ಆಗಲಿ ಖಾಸಗಿ ಆಗಲಿ ಉದ್ಯೋಗದಲ್ಲಿ ಇರುವವರಿಗೆ, ಮುಂದೆ ಓದುತ್ತಿರುವವರಿಗೆ, ಸ್ಟೈಪೆಂಡ್ ಬರುವ ಅಪ್ರೆಂಟಿಸ್‌ಗಳಿಗೆ ಇಲ್ಲ. ಅರ್ಜಿ ಹಾಕಿದರೆ ಮುಗಿಯಿತು ಅಂತಲೂ ಇಲ್ಲ. ನಾನು ಯುವನಿಧಿ ಪಡೆಯುತ್ತಿದ್ದ ದಿನಗಳಲ್ಲಿ ಪ್ರತಿ ತಿಂಗಳು 25ರೊಳಗೆ ಸೇವಾಸಿಂಧು (ರಾಜ್ಯ ಸರ್ಕಾರದ ಸೇವೆಗಳ ಜಾಲತಾಣ) ಲಾಗಿನ್‌ಗೆ ಹೋಗಿ ‘ನಾನು ಉದ್ಯೋಗದಲ್ಲಿಲ್ಲ, ಓದುತ್ತಿಲ್ಲ, ಕರ್ನಾಟಕದಲ್ಲೇ ಇದ್ದೇನೆ’ ಎಂದು ಸ್ವಯಂ ಘೋಷಣೆ ಕೊಡಬೇಕಿತ್ತು. ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರುತ್ತದೆ, ಅದನ್ನು ಹಾಕಿದರೆ ಸಹಿ ಮಾಡಿದಂತೆ. ನಿಮ್ಮ ಲಾಗಿನ್‌ನಲ್ಲಿ ಯಾವ ಗಡುವು ತೋರಿಸುತ್ತದೋ ಅದನ್ನೇ ನಂಬಿ, ಬೇರೆಯವರ ಮಾತನ್ನಲ್ಲ.

ಆ ಘೋಷಣೆಯಲ್ಲಿ ‘ಹದಿನೈದು ದಿನ ಕೆಲಸ ಮಾಡಿದ್ದೇನೆ’ ಎಂದು ಬರೆಯಲು ಜಾಗವಿಲ್ಲ. ಇದ್ದೇನೆ ಅಥವಾ ಇಲ್ಲ, ಅಷ್ಟೇ.

ಇನ್ನು ಎಲೆಕ್ಷನ್ ಕೆಲಸ ಎಂದರೆ ಎಲ್ಲವೂ ಒಂದೇ ಅಲ್ಲ. ಮತಗಟ್ಟೆ ಅಧಿಕಾರಿ, ಸಹಾಯಕ ಅಧಿಕಾರಿ ಆಗುವವರು ನೌಕರರು. ನಮ್ಮಂಥ ನಿರುದ್ಯೋಗಿಗಳನ್ನು ಯಾರೂ ಆ ಡ್ಯೂಟಿಗೆ ಹಾಕುವುದಿಲ್ಲ, ಒತ್ತಾಯವೂ ಇಲ್ಲ. ನಮ್ಮ ಕೈಗೆ ಸಿಗುವುದು ಹೆಚ್ಚಾಗಿ ಮೂರು ಬಗೆಯದು. ಒಂದು, ನನ್ನಂತೆ ಹೊರಗುತ್ತಿಗೆ ಏಜೆನ್ಸಿಯ ಮೂಲಕ ಕಚೇರಿಯಲ್ಲಿ ಎರಡು ಮೂರು ತಿಂಗಳ ಡಾಟಾ ಎಂಟ್ರಿ. ಎರಡು, ಮತಗಟ್ಟೆಯಲ್ಲಿ ವೆಬ್‌ಕಾಸ್ಟಿಂಗ್ (ಮತದಾನವನ್ನು ಕ್ಯಾಮೆರಾದಿಂದ ನೇರ ಪ್ರಸಾರ ಮಾಡುವುದು) ಅಥವಾ ಚೆಕ್‌ಪೋಸ್ಟ್ ತಂಡದ ಜೊತೆ ವಿಡಿಯೊ, ಇದು ದಿನದ ಲೆಕ್ಕ. ಮೂರು, ಪಕ್ಷದವರ ಬೂತ್ ಏಜೆಂಟ್. ಏಜೆಂಟ್ ನೇಮಕ ನಮೂನೆ 10ರಲ್ಲಿ ಆಗುತ್ತದೆ. ಆ ದಿನ ಅವರು ಕೊಡುವ ಊಟ, ದುಡ್ಡು ಯಾವ ಸಂಬಳದ ಪಟ್ಟಿಗೂ ಬರುವುದಿಲ್ಲ. ಒಂದು ಮಾತು: ಏಜೆಂಟ್ ಆಗುವ ಮನಸ್ಸಿದ್ದರೆ ಚುನಾವಣಾ ಶಾಖೆಯ ಕೆಲಸಕ್ಕೆ ಹೋಗಲೇಬೇಡಿ. ಮತದಾರರ ಪಟ್ಟಿ ಕೈಯಲ್ಲಿ ಇಟ್ಟುಕೊಂಡವರು ಪಕ್ಷದ ಚೀಟಿ ಹಿಡಿದು ಕೂತರೆ ಯಾರೂ ಸುಮ್ಮನಿರುವುದಿಲ್ಲ.

ಸೇರಿದ ದಿನ ಏಜೆನ್ಸಿಯವರು ಕೇಳಿದ್ದು ಆಧಾರ್, ಪಾನ್, ಪದವಿ ಅಂಕಪಟ್ಟಿ, ಎರಡು ಫೋಟೊ, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ. ಕೆಲವು ಹಾಳೆಗಳಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡಿಸಿಕೊಂಡರು. ಅದರಲ್ಲಿ ಒಂದು ಪಿಎಫ್‌ನ (ನೌಕರರ ಭವಿಷ್ಯ ನಿಧಿ) ನಮೂನೆ 11, ಇನ್ನೊಂದು ಇಎಸ್‌ಐ (ನೌಕರರ ಆರೋಗ್ಯ ವಿಮೆ) ಘೋಷಣೆ. ಓದುವುದಕ್ಕೆ ಬಿಡಲಿಲ್ಲ. ‘ತಂಗಿ, ಲಗೂನ ಸಹಿ ಮಾಡವ್ವಾ, ಹಿಂದ ಹತ್ತು ಮಂದಿ ನಿಂತಾರ.’ ನಾನು ಅಲ್ಲೇ ತಪ್ಪಿದೆ. ಆ ಹಾಳೆಗಳ ಫೋಟೊ ಮೊಬೈಲ್‌ನಲ್ಲಿ ತೆಗೆದುಕೊಂಡಿದ್ದರೆ ಮುಂದಿನ ಅರ್ಧ ಅಲೆದಾಟ ಉಳಿಯುತ್ತಿತ್ತು. ನೇಮಕದ ಆದೇಶ ಕೇಳಿದ್ದಕ್ಕೆ ‘ಆಮೇಲೆ’ ಎಂದರು. ಮೂರು ಸಲ ಕೇಳಿದ ಮೇಲೆ ಏಪ್ರಿಲ್ 10ಕ್ಕೆ ಕೈಗೆ ಬಂತು.

ಮೂರನೇ ದಿನ ಮೊಬೈಲ್‌ಗೆ ಒಂದು ಸಂದೇಶ: ನಿಮ್ಮ ಯುಎಎನ್ ಸಂಖ್ಯೆ ಸೃಷ್ಟಿಯಾಗಿದೆ. ಹನ್ನೆರಡು ಅಂಕಿ. ಆಗ ವಿಷಯ ತಿಳಿಯಿತು. ಯುಎಎನ್ ಎಂದರೆ ನಿಮ್ಮ ಪಿಎಫ್ ಖಾತೆಯ ಸಂಖ್ಯೆ, ಆಧಾರ್‌ಗೆ ಅಂಟಿದ್ದು. ಸೇರಿದ ತಾರೀಖು, ಕಟ್ಟಿದ ತಿಂಗಳು, ಬಿಟ್ಟ ತಾರೀಖು ಎಲ್ಲ ಅದರಲ್ಲಿ ದಾಖಲು. ಯುವನಿಧಿ ಅರ್ಜಿಯೂ ಅದೇ ಆಧಾರ್ ಮೇಲೆ. ಒಂದು ಕಡೆ ‘ಕೆಲಸದಲ್ಲಿ ಇದ್ದಾರೆ’ ಎಂದು ಏಜೆನ್ಸಿ ಬರೆದಿದೆ, ಇನ್ನೊಂದು ಕಡೆ ‘ನಾನು ಕೆಲಸದಲ್ಲಿ ಇಲ್ಲ’ ಎಂದು ನಾನೇ ಒಟಿಪಿ ಹಾಕಿ ಹೇಳಬೇಕು. ಎರಡನ್ನೂ ಪಕ್ಕದಲ್ಲಿಟ್ಟು ನೋಡುವ ದಿನ ಬಂದರೆ ‘ತಾತ್ಕಾಲಿಕ ಇತ್ತು ಸರ’ ಎನ್ನುವ ಮಾತು ನಿಲ್ಲುವುದಿಲ್ಲ. ಹಾಗಾಗಿ ನನ್ನ ಲೆಕ್ಕ ಸರಳ: ಪಿಎಫ್ ಕಟ್ಟುವ ಪಟ್ಟಿಯಲ್ಲಿ ಹೆಸರಿದ್ದರೆ ಅದು ಉದ್ಯೋಗ, ಹತ್ತು ದಿನದ್ದಾದರೂ ಸರಿ.

ಗಡುವು ಮಾರ್ಚ್ 25. ಅಂದು ಹೋಳಿ, ಊರೆಲ್ಲ ಬಣ್ಣ. ಅದಕ್ಕೆ ಮುಂಚೆ 21ರಂದು ಮಧ್ಯಾಹ್ನದ ರಜೆ ಹಾಕಿ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಹೋದೆ. ಬಾಯಿಮಾತಿನಲ್ಲಿ ಕೇಳಬಾರದು, ಬರೆದುಕೊಂಡು ಹೋಗಬೇಕು ಎಂದು ಹಿರಿಯ ಗುಮಾಸ್ತರೊಬ್ಬರು ಮೊದಲೇ ಹೇಳಿದ್ದರು. ಅದು ಈ ಇಡೀ ಪ್ರಸಂಗದಲ್ಲಿ ಸಿಕ್ಕ ಒಳ್ಳೆಯ ಸಲಹೆ. ಬರೆದದ್ದು ಇಷ್ಟು:

‘ಮಾನ್ಯರೆ, ನಾನು ಯುವನಿಧಿ ಫಲಾನುಭವಿ. ಅರ್ಜಿ ಸಂಖ್ಯೆ ಇಂತಿಷ್ಟು. ದಿನಾಂಕ 18-03-2024ರಿಂದ ಲೋಕಸಭಾ ಚುನಾವಣೆಯ ಕೆಲಸಕ್ಕೆ ಹೊರಗುತ್ತಿಗೆ ಆಧಾರದಲ್ಲಿ ತಾತ್ಕಾಲಿಕವಾಗಿ ಡಾಟಾ ಎಂಟ್ರಿ ಆಪರೇಟರ್ ಆಗಿ ಸೇರಿದ್ದೇನೆ. ಪಿಎಫ್, ಇಎಸ್‌ಐ ಕಡಿತವಿದೆ. ಕೆಲಸ ಇರುವ ತಿಂಗಳುಗಳಲ್ಲಿ ಸ್ವಯಂ ಘೋಷಣೆ ಸಲ್ಲಿಸುವುದಿಲ್ಲ. ಕೆಲಸ ಮುಗಿದ ನಂತರ ಬಿಡುಗಡೆ ಪತ್ರದೊಂದಿಗೆ ಪುನಃ ಘೋಷಣೆ ಸಲ್ಲಿಸುತ್ತೇನೆ. ಇದನ್ನು ತಮ್ಮ ಅವಗಾಹನೆಗೆ ತಂದಿದ್ದೇನೆ.’

ಎರಡು ಪ್ರತಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಮೊಹರು, ತಾರೀಖು, ಕಿರುಸಹಿ ಹಾಕಿಸಿಕೊಂಡೆ. ಖರ್ಚು ಝೆರಾಕ್ಸ್‌ಗೆ ನಾಲ್ಕು ರೂಪಾಯಿ. ಮೇಜಿನ ಆಚೆ ಇದ್ದ ಮೇಡಂ ಓದಿ, ‘ಇಷ್ಟ್ ಬರದು ಕೊಡೋರು ಕಮ್ಮಿ ನೋಡವ್ವಾ. ಕೆಲಸ ಇದ್ದ ತಿಂಗಳ ಘೋಷಣಾ ಕೊಡಬ್ಯಾಡ, ಬಿಟ್ಟ ಮ್ಯಾಗ ಕೊಡು’ ಎಂದರು. ಪತ್ರದಲ್ಲಿ ‘ಅನುಮತಿ ಕೊಡಿ’ ಎಂದು ಬರೆಯಬೇಡಿ. ಅನುಮತಿ ಕೇಳಿದರೆ ಉತ್ತರ ಬರುವತನಕ ಕಾಯಬೇಕು, ಉತ್ತರ ಯಾವಾಗ ಬರುತ್ತದೋ. ‘ಅವಗಾಹನೆಗೆ’ ಎಂದರೆ ತಿಳಿಸಿದ್ದೇನೆ ಅಂತ ಅಷ್ಟೇ, ಸ್ವೀಕೃತಿ ಮೊಹರೇ ಸಾಕು.

ನನ್ನ ಜೊತೆ ಸೇರಿದ ಇಬ್ಬರ ಕಥೆ ಸ್ವಲ್ಪ ಬೇರೆ. ಅವರು ಮಾರ್ಚ್ 5ಕ್ಕೇ ಘೋಷಣೆ ಕೊಟ್ಟುಬಿಟ್ಟಿದ್ದರು. ಆ ದಿನಕ್ಕೆ ಅದು ನಿಜ, ಆಗ ಕೆಲಸವಿರಲಿಲ್ಲ. ಮಾರ್ಚ್‌ನ ಹಣ ಅವರಿಗೆ ಬಂತು, ಏಪ್ರಿಲ್‌ನಿಂದ ನಿಲ್ಲಿಸಿದರು. ನಾನು 25ರ ಹತ್ತಿರ ಬರಲಿ ಎಂದು ಕೂತಿದ್ದಕ್ಕೆ ಮಾರ್ಚ್ ಕಂತೂ ಹೋಯಿತು. ಘೋಷಣೆಯ ಕಿಟಕಿ ತೆರೆದ ಕೂಡಲೇ ಕೊಡುವ ಅಭ್ಯಾಸ ಇದ್ದರೆ ಇಂಥ ಹೊತ್ತಿನಲ್ಲಿ ಪ್ರಾಮಾಣಿಕವಾಗಿಯೇ ಒಂದು ಕಂತು ಉಳಿಯುತ್ತದೆ.

ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಕಡೆ ಮತದಾನ ಮೇ 7ಕ್ಕೆ. ಅಧಿಸೂಚನೆ ಏಪ್ರಿಲ್ 12, ನಾಮಪತ್ರಕ್ಕೆ ಕೊನೆಯ ದಿನ 19, ಪರಿಶೀಲನೆ 20, ವಾಪಸಿಗೆ 22. ಈ ನಾಲ್ಕು ತಾರೀಖಿನ ಸುತ್ತ ರಾತ್ರಿ ಒಂಬತ್ತರೊಳಗೆ ಮನೆಗೆ ಹೋದ ನೆನಪಿಲ್ಲ. ಮನೆಯಿಂದಲೇ ಮತ ಹಾಕುವ 85 ದಾಟಿದವರ ಮತ್ತು ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರ ನಮೂನೆ 12ಡಿ ಅರ್ಜಿಗಳು ಕಟ್ಟುಕಟ್ಟಾಗಿ ಬರುತ್ತಿದ್ದವು. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಅಕ್ಕಂದಿರು ಹಳ್ಳಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತರುತ್ತಿದ್ದರು. ಹೆಬ್ಬೆಟ್ಟಿನ ಶಾಯಿ ಪಕ್ಕದ ಅರ್ಜಿಗೂ ಹತ್ತಿ ಗುರುತಿನ ಚೀಟಿ ಸಂಖ್ಯೆಯ ಕೊನೆಯ ಎರಡು ಅಂಕಿ ಮುಚ್ಚಿಹೋಗಿರುತ್ತಿತ್ತು. ಪಟ್ಟಿ ತೆಗೆದು ಮನೆ ಸಂಖ್ಯೆ, ತಂದೆಯ ಹೆಸರು ಹಿಡಿದು ಹುಡುಕಬೇಕು. ಒಂದು ಅರ್ಜಿಗೆ ಹತ್ತು ನಿಮಿಷ. ಫ್ಯಾನಿನ ಗಾಳಿಯೂ ಕಾದ ಹಂಚಿನ ಮೇಲಿಂದ ಬಂದಂತೆ. ಕಲಬುರಗಿ ಲೋಕಸಭಾ ಕ್ಷೇತ್ರಕ್ಕೆ ಯಾದಗಿರಿ ಜಿಲ್ಲೆಯ ಗುರುಮಠಕಲ್ ಸೇರುತ್ತದೆ, ನಮ್ಮದೇ ಜಿಲ್ಲೆಯ ಆಳಂದ, ಚಿಂಚೋಳಿ ಬೀದರ್ ಕ್ಷೇತ್ರಕ್ಕೆ ಹೋಗುತ್ತವೆ. ಇದು ತಿಳಿಯದೆ ಮೊದಲ ವಾರ ಎಷ್ಟು ಕಾಗದ ತಪ್ಪು ಕಟ್ಟಿಗೆ ಹೋದವೋ. ಹೊಸದಾಗಿ ಸೇರುವವರು ಗೋಡೆಗೆ ಎಂಟು ವಿಧಾನಸಭಾ ಕ್ಷೇತ್ರದ ಹೆಸರು ಬರೆದು ಅಂಟಿಸಿಕೊಳ್ಳಿ.

ನಿಮ್ಮ ಮತ ಮರೆಯಬೇಡಿ. ಚುನಾವಣಾ ಕರ್ತವ್ಯದಲ್ಲಿರುವವರು ನಮೂನೆ 12ಎ ಕೊಟ್ಟು 12ಬಿ ಪ್ರಮಾಣಪತ್ರ ಪಡೆದರೆ ಅದೇ ಕ್ಷೇತ್ರದಲ್ಲಿ ಡ್ಯೂಟಿ ಮಾಡುವ ಮತಗಟ್ಟೆಯಲ್ಲೇ ಮತ ಹಾಕಬಹುದು. ಬೇರೆ ಕ್ಷೇತ್ರದವರಾದರೆ ಅಂಚೆ ಮತಕ್ಕೆ ನಮೂನೆ 12. ಆದೇಶದಲ್ಲಿ ನಿಮ್ಮ ಹೆಸರು ಇದ್ದರೆ ಮಾತ್ರ ಇದು ಆಗುತ್ತದೆ. ನೇಮಕದ ಕಾಗದ ಕೇಳಿ ಪಡೆಯಲು ಇದೂ ಒಂದು ಕಾರಣ.

ವೆಬ್‌ಕಾಸ್ಟಿಂಗ್‌ಗೆ ಹೋದ ನಮ್ಮ ಬ್ಯಾಚಿನ ಮೂವರ ವಿಷಯ ಈಗ. ಅವರದು ಎರಡೇ ದಿನ. ಮೇ 6ರಂದು ಮಸ್ಟರಿಂಗ್ ಕೇಂದ್ರದಲ್ಲಿ (ಮತಗಟ್ಟೆ ಸಿಬ್ಬಂದಿ ಸಾಮಗ್ರಿ ಪಡೆದು ಹೊರಡುವ ಜಾಗ) ಹಾಜರಿ, ಅಲ್ಲಿಂದ ಮತಗಟ್ಟೆ ಸಿಬ್ಬಂದಿಯ ಬಸ್ಸಿನಲ್ಲೇ ಹಳ್ಳಿಯ ಶಾಲೆಗೆ. ಕ್ಯಾಮೆರಾ ಎಲ್ಲಿ ಇಡಬೇಕು ಎನ್ನುವುದೇ ದೊಡ್ಡ ಪ್ರಶ್ನೆ: ಮತ ಯಂತ್ರ ಇರುವ ಮರೆಯ ಒಳಗೆ ಕಾಣಬಾರದು, ಶಾಯಿ ಹಚ್ಚುವ ಮೇಜು, ಬಾಗಿಲು ಕಾಣಬೇಕು. ಮತದಾನ ಬೆಳಿಗ್ಗೆ 7ಕ್ಕೆ, ಅದಕ್ಕೆ ಒಂದೂವರೆ ಗಂಟೆ ಮುಂಚೆ ಏಜೆಂಟರ ಮುಂದೆ ಕನಿಷ್ಠ 50 ಮತದ ಅಣಕು ಮತದಾನ. ಅಂದರೆ 5 ಗಂಟೆಗೆ ಕ್ಯಾಮೆರಾ ಚಾಲೂ ಆಗಿರಬೇಕು. ಸಂಜೆ 6ರವರೆಗೆ ಅಲ್ಲಾಡುವಂತಿಲ್ಲ. ಪವರ್ ಬ್ಯಾಂಕ್, ಎಕ್ಸ್‌ಟೆನ್ಶನ್ ಬೋರ್ಡ್, ಎರಡು ಕಂಪನಿಯ ಸಿಮ್ ಒಯ್ದವರು ಬದುಕಿದರು. ಒಬ್ಬನ ಶಾಲೆಯಲ್ಲಿ ಇದ್ದದ್ದು ಒಂದೇ ಪ್ಲಗ್, ಅದೂ ದುಂಡು ಪಿನ್ನಿನದು.

ಆ ಮೂವರಿಗೂ ಗೌರವಧನ ಎಂದು ಒಂದೇ ಮೊತ್ತ ಬಂತು. ಪಿಎಫ್ ಇಲ್ಲ, ನೇಮಕ ಆದೇಶ ಇಲ್ಲ, ಮೇ 7ರ ರಾತ್ರಿ ಕೆಲಸ ಮುಗಿಯಿತು, 25ರ ಹೊತ್ತಿಗೆ ಅವರು ಮತ್ತೆ ನಿರುದ್ಯೋಗಿಗಳು. ಅವರು ಮೇ ತಿಂಗಳ ಘೋಷಣೆ ಕೊಟ್ಟರು, ಹಣ ನಿಲ್ಲಲಿಲ್ಲ. ನನ್ನನ್ನು ಕೇಳಿದರೆ ಅದು ಸರಿಯೇ. ಆದರೂ ಗುರುತಿನ ಚೀಟಿ, ಹಣ ಬಂದ ಪಾಸ್‌ಬುಕ್ ಸಾಲು, ಎರಡು ದಿನದ್ದೇ ಕೆಲಸ ಎಂದು ತೋರಿಸುವ ಹಾಜರಿ ಹಾಳೆಯ ಫೋಟೊ ಇಟ್ಟುಕೊಳ್ಳಿ. ಗೌರವಧನ ಕೈಗೆ ಕೊಡುವಾಗ ರಶೀದಿಯ ಮೇಲೆ ತಾರೀಖು ಬರೆಯದೆ ಸಹಿ ಹಾಕಬೇಡಿ. ಹಾಳೆಯಲ್ಲಿ ತಾರೀಖಿನ ಕಾಲಂ ಖಾಲಿ ಬಿಟ್ಟು ಮುಂದೆ ಬೇಕಾದಾಗ ತುಂಬಿಕೊಳ್ಳುವುದು ಎಲ್ಲ ಕಡೆ ಇರುವ ಚಾಳಿ.

ನನ್ನ ಕಡೆಗೆ ಮರಳಿದರೆ, ಏಪ್ರಿಲ್‌ನಲ್ಲಿ ಯಾರೂ ಎಚ್ಚರಿಸದ ಒಂದು ತೊಡಕು ಎದುರಾಯಿತು. ಏಜೆನ್ಸಿಯವರು ‘ಸಂಬಳಕ್ಕೆ ನಮ್ಮ ಬ್ಯಾಂಕಿನಲ್ಲೇ ಖಾತೆ ಬೇಕು’ ಎಂದು ಎಲ್ಲರಿಗೂ ಹೊಸ ಖಾತೆ ತೆರೆಸಿದರು. ಅರ್ಜಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಚೌಕ: ಸರ್ಕಾರದ ಸಹಾಯಧನ ಈ ಖಾತೆಗೆ ಬರಲು ಒಪ್ಪಿಗೆ. ಬ್ಯಾಂಕಿನ ಹುಡುಗ ತಾನೇ ಗುರುತು ಹಾಕಿದ. ಆಧಾರ್ ಆಧಾರಿತ ಹಣ ಖಾತೆ ಸಂಖ್ಯೆ ನೋಡಿ ಬರುವುದಿಲ್ಲ, ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆ) ಪಟ್ಟಿಯಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಬ್ಯಾಂಕಿಗೆ ಹೋಗುತ್ತದೆ. ಅಂದರೆ ಆ ಗುರುತಿನಿಂದ ನನ್ನ ಯುವನಿಧಿ, ಬೇರೆ ಯಾವುದೇ ಡಿಬಿಟಿ (ಸರ್ಕಾರದಿಂದ ನೇರ ಖಾತೆಗೆ ಬರುವ ಹಣ) ಇದ್ದರೆ ಅದೂ ಹೊಸ ಖಾತೆಗೆ ತಿರುಗಿತು. ಇದು ಗೊತ್ತಾದದ್ದು ಜುಲೈನಲ್ಲಿ, ಹಳೆಯ ಪಾಸ್‌ಬುಕ್ ಮೂರು ಸಲ ಪ್ರಿಂಟ್ ಹಾಕಿಸಿದ ಮೇಲೆ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆ ಯಾವುದು ಎಂದು ಒಂದು ನಿಮಿಷದಲ್ಲಿ ನೋಡಬಹುದು. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಯೋಜನೆಯ ಹಣ ಯಾವ ಬ್ಯಾಂಕಿಗೆ ಬಿತ್ತು ಎಂದೂ ಕಾಣುತ್ತದೆ. ಹೊಸ ಖಾತೆ ತೆರೆದ ವಾರದಲ್ಲೇ ನೋಡಿ. ಬದಲಾಗಿದ್ದರೆ ಹಳೆಯ ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆಗೆ ಮತ್ತೆ ಒಪ್ಪಿಗೆ ಪತ್ರ ಕೊಡಬೇಕು. ಸುಮ್ಮನೆ ಹೊಸ ಖಾತೆ ಮುಚ್ಚಿದರೆ ಹಣ ನಡುದಾರಿಯಲ್ಲಿ ನಿಲ್ಲುತ್ತದೆ.

ಸಂಬಳ ತಿಂಗಳಿಗೆ ₹14,000. ಇದರಲ್ಲಿ ಪಿಎಫ್ ಶೇ 12, ಅಂದರೆ ₹1,680. ಇಎಸ್‌ಐ ಶೇ 0.75, ₹105. ಕೈಗೆ ₹12,215. ಹೇಳಿದ್ದು ಪ್ರತಿ ತಿಂಗಳು 5ಕ್ಕೆ. ಮಾರ್ಚ್, ಏಪ್ರಿಲ್ ಸಂಬಳ ಸೇರಿ ಬಂದದ್ದು ಮೇ 29ಕ್ಕೆ, ಮೇ ಮತ್ತು ಜೂನ್‌ದು ಬಂದದ್ದು ಜುಲೈ 23ಕ್ಕೆ. ‘ಬಿಲ್ ಆಗಿಲ್ಲರಿ’ ಎಂಬ ಮಾತಿಗೆ ಎದುರು ಮಾತಿಲ್ಲ. ತಡವಾದದ್ದಕ್ಕಿಂತ ದೊಡ್ಡ ಪೇಚು ಬೇರೆ ಇದೆ. ಜುಲೈ ಘೋಷಣೆಯಲ್ಲಿ ನಾನು ನಿರುದ್ಯೋಗಿ ಎಂದಿದ್ದೇನೆ, ಅದೇ ಜುಲೈನಲ್ಲಿ ಖಾತೆಗೆ ‘ಸ್ಯಾಲರಿ’ ಎಂಬ ಹೆಸರಿನಲ್ಲಿ ಹಣ ಬಿದ್ದಿದೆ! ಯಾರಾದರೂ ಪಾಸ್‌ಬುಕ್ ನೋಡಿದರೆ ಏನು ಹೇಳುವುದು? ಅದಕ್ಕೆ ಸಂಬಳದ ಚೀಟಿ ಬೇಕೇ ಬೇಕು, ಅದರಲ್ಲಿ ಯಾವ ತಿಂಗಳ ಕೂಲಿ, ಎಷ್ಟು ದಿನ ಎಂದು ಬರೆದಿರಬೇಕು. ಹಣ ಬಂದ ದಿನವಲ್ಲ, ದುಡಿದ ದಿನ ಲೆಕ್ಕಕ್ಕೆ ಬರಬೇಕು. ನಾಲ್ಕು ತಿಂಗಳದ್ದೂ ಕೇಳಿ ಕೇಳಿ ವಾಟ್ಸಾಪ್‌ನಲ್ಲಿ ಪಿಡಿಎಫ್ ತರಿಸಿಕೊಂಡೆ. ಮೇ ತಿಂಗಳದರಲ್ಲಿ ಹೆಸರು ತಪ್ಪು, ತಿದ್ದಿಸಿದೆ.

ಜೂನ್ 4ಕ್ಕೆ ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ ಎಣಿಕೆ. ಆಮೇಲೆ ನಾಲ್ಕು ದಿನ ಕಟ್ಟು ಕಟ್ಟುವ ಕೆಲಸ. 8ರ ಶನಿವಾರ ಸಂಜೆ ‘ನಾಳಿಂದ ಬರೋದು ಬ್ಯಾಡ್ರಿ’ ಎಂದರು. ಬಿಡುಗಡೆಯಾದದ್ದು ಹಾಗೆ, ಒಂದು ವಾಕ್ಯದಲ್ಲಿ.

ಈ ಸಂಜೆಯೇ ಬಿಡುಗಡೆ ಪತ್ರ ಕೇಳಬೇಕು. ಸೋಮವಾರ ಹೋದರೆ ನೀವು ಹೊರಗಿನವರು. ನಾನು ಅಂದೇ ಒಂದು ಹಾಳೆಯಲ್ಲಿ ಸೇರಿದ ದಿನ, ಬಿಟ್ಟ ದಿನ, ಹುದ್ದೆ ಬರೆದು ಶಾಖೆಯ ಮುಖ್ಯಸ್ಥರ ಮುಂದೆ ಇಟ್ಟೆ. ಅವರು ಕಚೇರಿಯ ಮೊಹರು ಹಾಕಿ ‘ಮೇಲಿನ ಅವಧಿಯಲ್ಲಿ ಕರ್ತವ್ಯ ನಿರ್ವಹಿಸಿದ್ದಾರೆ’ ಎಂದು ಸಹಿ ಮಾಡಿದರು. ಏಜೆನ್ಸಿಯ ಪತ್ರ ಬರಲು ಮತ್ತೆ 17 ದಿನ ಆಯಿತು. ಕಚೇರಿಯ ಆ ಹಾಳೆ ಹಿಡಿದುಕೊಂಡೇ ಜೂನ್ 20ಕ್ಕೆ ಸೇವಾಸಿಂಧುವಿನಲ್ಲಿ ಘೋಷಣೆ ಕೊಟ್ಟೆ, ಉದ್ಯೋಗ ವಿನಿಮಯ ಕಚೇರಿಗೆ ಎರಡನೇ ಪತ್ರವನ್ನೂ ಕೊಟ್ಟೆ. ಮೊದಲ ಪತ್ರದ ಮೊಹರಿನ ಪ್ರತಿ ಜೊತೆಗಿಟ್ಟಿದ್ದಕ್ಕೆ ಮಾತೇ ಬೇಕಾಗಲಿಲ್ಲ. ಹೊಸ ಅರ್ಜಿ ಹಾಕಬೇಕಾಗಲಿಲ್ಲ. ಜೂನ್‌ನ ಕಂತು ಬಂತು, ಆ ಹೊಸ ಖಾತೆಗೆ. ಮಾರ್ಚ್, ಏಪ್ರಿಲ್, ಮೇ ಕಂತುಗಳು ಬರಲಿಲ್ಲ. ಬರಲಿ ಎಂದು ನಾನು ಕೇಳಲೂ ಇಲ್ಲ, ಆ ತಿಂಗಳು ನಾನು ಕೆಲಸದಲ್ಲಿದ್ದೆ.

ಮುಗಿಯಿತು ಅಂದುಕೊಂಡರೆ ಪಿಎಫ್ ಪಾಸ್‌ಬುಕ್‌ನಲ್ಲಿ ನಾನಿನ್ನೂ ಕೆಲಸದಲ್ಲೇ ಇದ್ದೆ! ಬಿಟ್ಟ ತಾರೀಖಿನ ಕಾಲಂ ಖಾಲಿ. ಅದನ್ನು ತುಂಬಬೇಕಾದವರು ಏಜೆನ್ಸಿಯವರು. ನಾಲ್ಕು ಸಲ ಫೋನ್ ಮಾಡಿದೆ. ಒಂದು ಸಲ ‘ಅಕೌಂಟೆಂಟ್ ರಜಾದಾಗ ಹಾರ’, ಇನ್ನೊಂದು ಸಲ ‘ಆಗ್ಯದಲ್ಲ, ನೋಡ್ರಿ’. ಆಗಿರಲಿಲ್ಲ. ಅವರು ಮಾಡದಿದ್ದರೆ ನಾವೇ ಮಾಡಬಹುದು, ಆದರೆ ಕೊನೆಯ ವಂತಿಗೆ (ಪಿಎಫ್‌ಗೆ ಕಟ್ಟುವ ಹಣ) ಬಿದ್ದ ತಿಂಗಳಿಂದ ಎರಡು ತಿಂಗಳು ಕಳೆಯಬೇಕು. ನನ್ನ ಜೂನ್ ವಂತಿಗೆ ಜುಲೈ 15ರೊಳಗೆ ಕಟ್ಟಬೇಕಿತ್ತು, 22ಕ್ಕೆ ಕಟ್ಟಿದ್ದರು. ಹಾಗಾಗಿ ಸೆಪ್ಟೆಂಬರ್ ತನಕ ಕಾದೆ.

ಕ್ರಮ ಇದು. ಯುಎಎನ್ ಸದಸ್ಯರ ಪೋರ್ಟಲ್‌ಗೆ ಲಾಗಿನ್ ಆಗಿ ‘ಮ್ಯಾನೇಜ್’ ಒಳಗೆ ‘ಮಾರ್ಕ್ ಎಗ್ಸಿಟ್’. ಸಂಸ್ಥೆಯ ಹೆಸರು ಆರಿಸಿ. ತಾರೀಖು, ಕಾರಣ ತುಂಬಿ. ತಾರೀಖು ಕೊನೆಯ ವಂತಿಗೆ ಬಿದ್ದ ತಿಂಗಳ ಒಳಗಿನದೇ ಆಗಿರಬೇಕು. ನನ್ನ ವಿಷಯದಲ್ಲಿ ಜೂನ್ 8 ಅದಕ್ಕೆ ಹೊಂದಿತು. ಆಧಾರ್ ಒಟಿಪಿ ಹಾಕಿ ಮುಗಿಸಿ. ಆಗ ಒಮ್ಮೆ ಹಾಕಿದ ತಾರೀಖನ್ನು ನಾವಾಗಿ ತಿದ್ದಲಾಗುತ್ತಿರಲಿಲ್ಲ, ಬಿಡುಗಡೆ ಪತ್ರ ಪಕ್ಕದಲ್ಲಿಟ್ಟುಕೊಂಡು ಅದೇ ತಾರೀಖು ಹಾಕಿ. ಇದಕ್ಕೂ ಮುಂಚೆ ಯುಎಎನ್ ಚಾಲೂ ಮಾಡಿ ಹೆಸರು, ಜನ್ಮದಿನ, ತಂದೆಯ ಹೆಸರು ಆಧಾರ್‌ನಂತೆಯೇ ಇವೆಯೇ ನೋಡಿ. ನನ್ನ ಜೊತೆಗಾರ್ತಿಯೊಬ್ಬಳ ಜನ್ಮದಿನ 5ರ ಬದಲು 15 ಎಂದಿತ್ತು. 2024ರಲ್ಲಿ ಅದನ್ನು ಜಂಟಿ ಘೋಷಣೆ ಕೊಟ್ಟು ತಿದ್ದಿಸಬೇಕಿತ್ತು, ಅದಕ್ಕೆ ಮತ್ತೆ ಏಜೆನ್ಸಿಯ ಒಪ್ಪಿಗೆ ಬೇಕಿತ್ತು. ಅವಳದು ಇನ್ನೂ ಆಗಿಲ್ಲ.

ಪಿಎಫ್ ಪಾಸ್‌ಬುಕ್‌ನಲ್ಲಿ ಈಗ ನನ್ನ ಪಾಲು ಮತ್ತು ಏಜೆನ್ಸಿಯವರ ಪಾಲು ಸೇರಿ ಸುಮಾರು ₹5,960 ಇದೆ. ಅವರ ಶೇ 12ರಲ್ಲಿ 8.33 ಪಿಂಚಣಿಗೆ ಹೋಗಿ ಉಳಿದ 3.67 ಮಾತ್ರ ಪಿಎಫ್‌ಗೆ ಬರುತ್ತದೆ. ಆ ಪಿಂಚಣಿ ಪಾಲು ಆರು ತಿಂಗಳಿಗಿಂತ ಕಡಿಮೆ ದುಡಿದವರಿಗೆ ಮೊದಲು ಸಿಗುತ್ತಿರಲಿಲ್ಲ. 2024ರ ಜೂನ್‌ನಲ್ಲಿ ನಿಯಮ ಬದಲಾಗಿ ದುಡಿದ ತಿಂಗಳ ಲೆಕ್ಕಕ್ಕೆ ವಾಪಸ್ ಪಡೆಯಲು ದಾರಿಯಾಯಿತು. ಮುಂದೆ ಬೇರೆ ಕಡೆ ಕೆಲಸಕ್ಕೆ ಸೇರುವ ಅಂದಾಜಿದ್ದರೆ ತೆಗೆಯದೆ ಬಿಡಿ, ಅದೇ ಯುಎಎನ್ ಮುಂದುವರಿಯುತ್ತದೆ.

ಇಎಸ್‌ಐ ಕಡಿತದಿಂದ ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಅರ್ಹತೆ ಬರುತ್ತದೆ, ಕಾರ್ಡ್ ಕೇಳಿ ಪಡೆಯಿರಿ. ಕಾಯಿಲೆ ಭತ್ಯೆಗೆ ಮಾತ್ರ ಸಾಮಾನ್ಯವಾಗಿ ಒಂದೇ ವಂತಿಗೆ ಅವಧಿಯಲ್ಲಿ (ಆರು ತಿಂಗಳಿಗೊಂದು) 78 ದಿನ ಬೇಕು. ನಾನು ಕೆಲಸದಲ್ಲಿ ಇದ್ದದ್ದು 83 ದಿನ, ಆದರೆ ಅವಧಿ ಏಪ್ರಿಲ್ 1ಕ್ಕೆ ಮುರಿಯುತ್ತದೆ. ಮಾರ್ಚ್‌ನ 14 ಹಿಂದಿನ ಅವಧಿಗೆ, ಉಳಿದ 69 ಮುಂದಿನದಕ್ಕೆ. ಎರಡೂ ಕಡೆ 78 ಆಗುವುದಿಲ್ಲ. ಮೊದಲ ಸಲ ಇಎಸ್‌ಐಗೆ ಸೇರಿ ಅವಧಿ ಚಿಕ್ಕದಾದವರಿಗೆ ಆ ಅವಧಿಯ ಕೆಲಸದ ದಿನಗಳಲ್ಲಿ ಅರ್ಧ ಸಾಕು ಎಂಬ ವಿನಾಯಿತಿ ಇದೆ, ಕೇಳಿ ನೋಡಿ. ಇಎಸ್‌ಐನ ನಿರುದ್ಯೋಗ ಭತ್ಯೆಯ ಆಸೆ ಹುಟ್ಟಿಸುವವರು ಇದ್ದಾರೆ, ಅದು ಮೂರು ತಿಂಗಳು ದುಡಿದವರಿಗಲ್ಲ.

ಈಗ ದುಡ್ಡಿನ ಲೆಕ್ಕ. 83 ದಿನಕ್ಕೆ ಒಟ್ಟು ಕೂಲಿ ₹38,055. ಕಡಿತ ಕಳೆದು ಕೈಗೆ ಬಂದದ್ದು ₹33,203. ಬಿಟ್ಟುಕೊಟ್ಟ ಯುವನಿಧಿ ₹9,000. ಊಟ, ಚಹಾ ದಿನಕ್ಕೆ ₹60ರಂತೆ 78 ದಿನಕ್ಕೆ ₹4,680. ಹಗಲಲ್ಲಿ ಬಸ್ಸಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ಆದರೆ ಕೊನೆಯ ಬಸ್ ತಪ್ಪಿದ 11 ರಾತ್ರಿ ಆಟೊಗೆ ₹150ರಂತೆ ₹1,650. ಝೆರಾಕ್ಸ್, ಸೈಬರ್ ಅಂಗಡಿ ₹240. ಉಳಿದದ್ದು ₹17,633, ದಿನಕ್ಕೆ ₹212. ಆ ವರ್ಷ ನರೇಗಾ ಕೂಲಿ ದಿನಕ್ಕೆ ₹349 ಇತ್ತು. ಮನೆಯಲ್ಲಿ ಕೂತು ಯುವನಿಧಿ ತಗೊಂಡಿದ್ದರೆ ದಿನಕ್ಕೆ ₹100 ಬರುತ್ತಿತ್ತು, ಅದನ್ನು ಬಿಟ್ಟ ಮೇಲಿನ ಲಾಭ ಇದು ಎನ್ನುವುದೂ ಸರಿ. ಗಂಡುಮಕ್ಕಳು ಇದಕ್ಕೆ ಬಸ್ ಚಾರ್ಜ್ ಸೇರಿಸಿಕೊಂಡು ನೋಡಿ.

ನನ್ನ ಜೊತೆ ಸೇರಿದವರಲ್ಲಿ ಮೂವರು ನಾಲ್ಕೂ ತಿಂಗಳು ‘ಕೆಲಸವಿಲ್ಲ’ ಎಂದೇ ಒತ್ತಿದರು. ಅವರಿಗೆ ಹಣ ಬಂತು, ಈತನಕ ಯಾರೂ ಕೇಳಿಲ್ಲ. ಅದನ್ನು ನೋಡಿ ‘ನೀ ಹುಚ್ಚಿ’ ಎಂದವರೂ ಇದ್ದಾರೆ. ಸುಳ್ಳು ಘೋಷಣೆಗೆ ಕ್ರಮ ಎಂದು ಯೋಜನೆಯಲ್ಲೇ ಬರೆದಿದೆ. ಅವರ ಯುಎಎನ್ ಪಾಸ್‌ಬುಕ್‌ನಲ್ಲಿ ಮಾರ್ಚ್, ಏಪ್ರಿಲ್, ಮೇ, ಜೂನ್ ನಾಲ್ಕು ಸಾಲು ಅಳಿಸದೆ ಕೂತಿವೆ. ಮೂವರಲ್ಲಿ ಒಬ್ಬಳು ಕೆಪಿಎಸ್‌ಸಿಗೆ ಓದುತ್ತಿದ್ದಾಳೆ. ಅವಳ ಬಗ್ಗೆ ನನಗೆ ಹೆಚ್ಚು ಆತಂಕ, ನೌಕರಿ ಸಿಕ್ಕ ಮೇಲೆ ಪೂರ್ವಾಪರ ಪರಿಶೀಲನೆ ಎಂದು ಒಂದು ದಿನ ಬರುತ್ತದಲ್ಲ.

ನನ್ನ ಕಡತದಲ್ಲಿ ಈಗ ಇರುವುದು ಒಂಬತ್ತು ಹಾಳೆ: ನೇಮಕ ಆದೇಶ, ಉದ್ಯೋಗ ವಿನಿಮಯಕ್ಕೆ ಕೊಟ್ಟ ಎರಡು ಪತ್ರದ ಮೊಹರಿನ ಪ್ರತಿ, ನಾಲ್ಕು ಸಂಬಳದ ಚೀಟಿ, ಕಚೇರಿಯ ಬಿಡುಗಡೆ ಹಾಳೆ, ಬಿಟ್ಟ ತಾರೀಖು ಕಾಣುವ ಪಿಎಫ್ ಪುಟದ ಪ್ರಿಂಟ್. ಹೊಸ ಬ್ಯಾಂಕಿನ ಖಾತೆ ಇನ್ನೂ ಮುಚ್ಚಿಲ್ಲ, ಹಳೆಯದಕ್ಕೆ ಆಧಾರ್ ಜೋಡಣೆ ಬದಲಾದದ್ದು ಕಂಡ ಮೇಲೆ ಮುಚ್ಚುತ್ತೇನೆ.

ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಚುನಾವಣೆ 2021ರಿಂದ ಬಾಕಿ ಇದೆ. ಮೊನ್ನೆ ಅದೇ ಏಜೆನ್ಸಿಯವರು ಫೋನ್ ಮಾಡಿದ್ದರು, ‘ಎಲೆಕ್ಷನ್ ಬಂದ್ರ ಬರ್ತೀಯೇನವ್ವಾ?’ ಎಂದು. ನೇಮಕ ಆದೇಶ ಮೊದಲ ದಿನವೇ ಕೊಡ್ತೀರೇನ್ರಿ ಎಂದು ಕೇಳಿದೆ. ‘ನೋಡಮ್ ತಗೋ’ ಎಂದು ಇಟ್ಟರು.